ಕೆಳಮನೆಯ ಗ್ರೈಂಡರ್

ಪದ್ಮಾವತಿಯ ಹಿಟ್ಟಿನ ವ್ಯಾಪಾರ ಶುರುವಾದದ್ದೇ ಮೇಲಿನ ಮನೆಯ ಸರಯೂಬೇನ್ ಅವರಿಂದ. ಅಹಮದಾಬಾದಿನ ಮಣಿನಗರದಲ್ಲಿ ಅಂಬಿಕಾ ಕುಂಜ್ ಎಂದೊಂದು ಹೌಸಿಂಗ್ ಸೊಸೈಟಿ. ಮೂರು ಮಹಡಿ, ಲಿಫ್ಟಿಲ್ಲ, ಅಂಗಳದಲ್ಲಿ ಒಂದು ಬೇವಿನ ಮರ. ನೆಲಮಹಡಿಯ ಮನೆ ಪದ್ಮಾವತಿಯದು, ಅದರ ನೇರ ಮೇಲಿನದು ಸರಯೂಬೇನ್ ಅವರದು. ಪದ್ಮಾವತಿಯ ಗಂಡ ತಿಮ್ಮಪ್ಪ ಕುಂದಾಪುರದ ಕಡೆಯವನು. ರೈಲ್ವೆ ಸ್ಟೇಷನ್ ಬಳಿಯ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರ್ ಅನ್ನಿಸಿಕೊಂಡು ಗಲ್ಲೆಯ ಮೇಲೆ ಕೂರುತ್ತಿದ್ದ. ಬೆಳಿಗ್ಗೆ ಹೋದರೆ ರಾತ್ರಿಯೇ ಮನೆ. ಸರಯೂಬೇನ್ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗ ವಡೋದರೆಯಲ್ಲಿ ಕಂಪನಿ ಕೆಲಸದಲ್ಲಿದ್ದ.

ಒಂದು ಭಾನುವಾರ ಕೆಳಗೆ ಕಾವಲಿಯ ಮೇಲೆ ದೋಸೆ ಹುಯ್ಯುವ ಸದ್ದು, ಪರಿಮಳ ಎರಡೂ ಬಾಲ್ಕನಿ ಹತ್ತಿದ್ದೇ ತಡ, ಸರಯೂಬೇನ್ ಕೈಯಲ್ಲೊಂದು ತಪ್ಪಲೆ ಹಿಡಿದು ಇಳಿದು ಬಂದರು.

"ಪದ್ಮಾಬೇನ್, ನನಗೆ ದೋಸೆ ಬೇಡ. ಅದರ ಖೀರು ಕೊಡು. ನಾನೇ ಹುಯ್ದುಕೊಳ್ಳುತ್ತೇನೆ" ಅಂದರು. ದೋಸೆ ಹಿಟ್ಟಿಗೆ ಅಲ್ಲಿಯವರು ಖೀರು ಅನ್ನುತ್ತಾರೆ.

ಅವರ ಮೊದಲ ದೋಸೆ ಕಾವಲಿ ಬಿಟ್ಟು ಏಳಲೇ ಇಲ್ಲ. ಪದ್ಮಾವತಿ ಮೇಲೆ ಹೋಗಿ ಉರಿ ಎಷ್ಟಿರಬೇಕು, ನೀರು ಯಾವಾಗ ಚಿಮುಕಿಸಬೇಕು ಎಂದು ತೋರಿಸಿಕೊಟ್ಟಳು. ಮುಂದಿನ ವಾರ ಸರಯೂಬೇನ್ ಮತ್ತೆ ಬಂದರು, ಈ ಸಲ ದುಡ್ಡು ಹಿಡಿದುಕೊಂಡು. ಪದ್ಮಾವತಿ ಬೇಡವೆಂದಾಗ ಅವರು, "ಪುಕ್ಕಟೆ ಕೊಟ್ಟರೆ ನಾಳೆಯಿಂದ ಕೇಳಲಿಕ್ಕೆ ನನಗೆ ನಾಚಿಕೆ. ಮಾರು, ನಾನು ಕೊಳ್ಳುತ್ತೇನೆ. ನಾನೊಬ್ಬಳೇ ಅಲ್ಲ, ಇಡೀ ಸೊಸೈಟಿ ಕೊಳ್ಳುತ್ತದೆ, ನೋಡುತ್ತಿರು" ಅಂದರು.

ಹೇಳಿದ ಹಾಗೆ ಮಾಡಿಯೂ ಮಾಡಿದರು. ತರಕಾರಿ ಗಾಡಿಯ ಹತ್ತಿರ, ದೇವಸ್ಥಾನದಲ್ಲಿ, ತಂಗಿಯ ಮನೆಯಲ್ಲಿ, ಹೋದಲ್ಲೆಲ್ಲ ಅವರದು ಇದೇ ಮಾತು. ಮೂರು ವರ್ಷ ಕಳೆಯುವುದರೊಳಗೆ ಪದ್ಮಾವತಿಯ ಹಿಂದಿನ ಕೋಣೆಯಲ್ಲಿ ಕೊಯಮತ್ತೂರಿನ ಎರಡು ದೊಡ್ಡ ಗ್ರೈಂಡರ್ ಬಂದು ಕೂತವು. ಸುತ್ತಲಿನ ಕಿರಾಣಿ ಅಂಗಡಿಗಳಿಗೆ, ಹುಡುಗರು ಕೂಡಿ ಬಾಡಿಗೆಗಿರುವ ಫ್ಲ್ಯಾಟುಗಳಿಗೆ ಹಿಟ್ಟಿನ ಪ್ಯಾಕೆಟ್ ಹೋಗತೊಡಗಿತು. ಗಂಡನ ಸಂಬಳದಲ್ಲಿ ಎಣಿಸಿ ಬದುಕಿದ ಹೆಂಗಸು ಮೊದಲ ಸಲ ತನ್ನದೆನ್ನುವ ಒಂದು ಕೆಲಸ ಹಿಡಿದಿದ್ದಳು. ಅದರ ಸುಖವೇ ಬೇರೆ. ಮಧ್ಯಾಹ್ನ ಊಟವಾದ ಮೇಲೆ ಎರಡೂ ಗ್ರೈಂಡರ್ ಹಾಕಿ, ಕಲ್ಲು ತಿರುಗುವ ಸದ್ದಿನಲ್ಲಿ ಅವಳು ಊರ ಕಡೆಯ ಭಜನೆಯೊಂದನ್ನು ಗುನುಗುತ್ತ ಪ್ಯಾಕೆಟ್ಟಿಗೆ ಬಾಯಿ ಕಟ್ಟುತ್ತಿದ್ದಳು.

ಮಗಳು ಪ್ರಾರ್ಥನಾ ಬೆಳೆದದ್ದು ಅರ್ಧ ಕೆಳಗೆ, ಅರ್ಧ ಮೇಲೆ. ಗುಜರಾತಿ ಅಕ್ಷರ ತಿದ್ದಿದ್ದು ಸರಯೂಬೇನ್ ಅವರ ಮಡಿಲಲ್ಲಿ ಕೂತು. ಕನ್ನಡ ಅವಳಿಗೆ ಬರುತ್ತಿತ್ತು, ಆದರೆ ಅಪ್ಪ ಅಮ್ಮನ ಜೊತೆ ಮಾತಾಡುವಷ್ಟು, ಅದೂ ಅಲ್ಲಲ್ಲಿ ಮುಗ್ಗರಿಸಿ. ಸರಯೂಬೇನ್ ಅವರನ್ನು ಅವಳು 'ಬಾ' ಎಂದೇ ಕರೆಯುತ್ತಿದ್ದಳು, ಅಜ್ಜಿಯನ್ನು ಕರೆಯುವ ಹಾಗೆ.

ಹೀಗಿರುವಾಗ ಎರಡು ಸಾವಿರದ ಒಂದನೇ ಇಸವಿಯ ಜನವರಿ ಇಪ್ಪತ್ತಾರು ಬಂತು. ಧ್ವಜ ಹಾರಿಸುವ ಹೊತ್ತಿಗೆ ಭೂಮಿ ನಡುಗಿತು. ಪದ್ಮಾವತಿ ಕಾಲೇಜು ಓದುತ್ತಿದ್ದ ಮಗಳ ಕೈ ಹಿಡಿದು ಅಂಗಳಕ್ಕೆ ಓಡಿದಳು. ಬೇವಿನ ಮರ ಗಾಳಿಯಿಲ್ಲದೆ ತೂಗುತ್ತಿತ್ತು. ಸರಯೂಬೇನ್ ಮೆಟ್ಟಿಲಿಳಿದು ಬಂದದ್ದು ಬರಿಗಾಲಲ್ಲಿ. ಅಂಬಿಕಾ ಕುಂಜ್‌ಗೆ ಏನೂ ಆಗಲಿಲ್ಲ. ನಾಲ್ಕಾರು ಗೋಡೆಗಳಲ್ಲಿ ಕೂದಲೆಳೆಯಂಥ ಬಿರುಕು, ಅಷ್ಟೇ. ಆದರೆ ರೈಲು ಹಳಿಯಾಚೆ ಸರಯೂಬೇನ್ ಅವರ ತಂಗಿ ಇಂದುಬೇನ್ ವಾಸವಿದ್ದ ಎತ್ತರದ ಕಟ್ಟಡ ಕೂತಲ್ಲೇ ಕುಸಿದುಹೋಗಿತ್ತು.

ಆ ಅವಶೇಷದ ಮುಂದೆ ಸರಯೂಬೇನ್ ದಿನಗಟ್ಟಲೆ ನಿಂತರು. ಯಂತ್ರಗಳು ಕಾಂಕ್ರೀಟ್ ಕೊರೆಯುತ್ತಿದ್ದವು, ಕಾಲ ಕೆಳಗಿನ ನೆಲ ಎಡೆಬಿಡದೆ ಅದುರುತ್ತಿತ್ತು. ಪದ್ಮಾವತಿ ಚಹಾದ ಫ್ಲಾಸ್ಕ್ ಹಿಡಿದು ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಕೊನೆಗೆ ತಂಗಿಯ ದೇಹ ಸಿಕ್ಕಿತು, ಅವಳ ಗಂಡನದೂ.

ಆಮೇಲೂ ಕೆಲವು ವಾರ ಊರಿಗೆ ಊರೇ ಬಯಲಲ್ಲಿ ಮಲಗಿತು. ಅಂಬಿಕಾ ಕುಂಜ್‌ನವರೂ ಅಂಗಳದಲ್ಲಿ ತಾಡಪಾಲು ಕಟ್ಟಿಕೊಂಡರು. ಪದ್ಮಾವತಿ ಮತ್ತು ಸರಯೂಬೇನ್ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ನಿದ್ದೆಯಲ್ಲಿ ಸರಯೂಬೇನ್ ಪದ್ಮಾವತಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದರು. ಪದ್ಮಾವತಿ ಕೈ ಜೋಮು ಹಿಡಿದರೂ ಬಿಡಿಸಿಕೊಳ್ಳುತ್ತಿರಲಿಲ್ಲ.

ಬಿಸಿಲು ಬಲಿಯುವ ಹೊತ್ತಿಗೆ ಎಲ್ಲರೂ ತಂತಮ್ಮ ಮನೆಗೆ ಮರಳಿದರು. ಪದ್ಮಾವತಿಯ ಗ್ರೈಂಡರ್ ಮತ್ತೆ ತಿರುಗಿತು. ಹಿಟ್ಟು ಸಿಗದೆ ಉಳಿದ ಗಿರಾಕಿಗಳು ಕಾಯುತ್ತಿದ್ದರು, ಅವಳಿಗೆ ಬೇರೆ ಯಾವುದಕ್ಕೂ ಪುರಸೊತ್ತಿರಲಿಲ್ಲ. ಒಂದು ಮಧ್ಯಾಹ್ನ ಸರಯೂಬೇನ್ ಬಾಗಿಲಲ್ಲಿ ಬಂದು ನಿಂತರು.

"ಪದ್ಮಾಬೇನ್, ನಿನ್ನ ಯಂತ್ರ ಹಾಕಿದರೆ ನನ್ನ ಮಂಚ ಅದುರುತ್ತದೆ."

"ಮೊದಲಿನಿಂದಲೂ ಇರುವ ಗ್ರೈಂಡರೇ ಅಲ್ಲವೇ ಬೇನ್."

"ಮೊದಲು ಗೊತ್ತಾಗುತ್ತಿರಲಿಲ್ಲ. ಈಗ ಗೊತ್ತಾಗುತ್ತದೆ. ಒಂದು ಸಲ ಮೇಲೆ ಬಂದು ಕೂತು ನೋಡು."

ಬರುತ್ತೇನೆ ಅಂದಳು ಪದ್ಮಾವತಿ. ಅಂದು ಹೋಗಲಾಗಲಿಲ್ಲ, ಮರುದಿನವೂ ಆಗಲಿಲ್ಲ. ಅದರ ಬದಲು ಹಳೆಯ ಟೈರಿನ ತುಂಡು ತರಿಸಿ ಗ್ರೈಂಡರಿನ ಕಾಲುಗಳ ಕೆಳಗಿಟ್ಟಳು. ತನ್ನ ಪಾಲಿನದು ಮುಗಿಯಿತು ಎಂದುಕೊಂಡಳು. ಸರಯೂಬೇನ್ ಇನ್ನೂ ಎರಡು ಸಲ ಬಂದರು. ರಾತ್ರಿ ಬಾಗಿಲಿಗೆ ಚಿಲಕ ಹಾಕಲು ಭಯವಾಗುತ್ತದೆ ಅಂದರು. ಕಾಗದಪತ್ರದ ಚೀಲ ದಿಂಬಿನ ಹತ್ತಿರವೇ ಇರುತ್ತದೆ ಅಂದರು. ಬೇರೆ ಎಲ್ಲಾದರೂ ಈ ಕೆಲಸ ಮಾಡಲು ಆಗುವುದಿಲ್ಲವೇ ಎಂದು ಕೇಳಿದರು. ಪದ್ಮಾವತಿ ಪ್ಯಾಕೆಟ್ ಕಟ್ಟುತ್ತಲೇ, ನೋಡುವ ಬೇನ್, ನೋಡುವ ಅಂದಳು.

ಈ ಮಾತು ತಿಮ್ಮಪ್ಪನ ಕಿವಿಗೂ ಬಿತ್ತು. ಊಟಕ್ಕೆ ಕೂತಾಗ ಅವನು ಹೇಳಿದ, "ಹೋಟೆಲಿನ ಹಿಂದೆ ಒಂದು ಶೆಡ್ ಖಾಲಿ ಉಂಟು. ಧಣಿಗಳ ಹತ್ರ ಕೇಳ್ತೆ. ಇಲ್ಲ ಅನ್ಲಿಕ್ಕಿಲ್ಲ ಅವ್ರು."

"ಬೇಡ" ಅಂದಳು ಪದ್ಮಾವತಿ. "ಇಷ್ಟು ವರ್ಷ ನೀವು ಅವರ ಕೈ ಕೆಳಗೆ ದುಡಿದದ್ದು ಸಾಕು. ನಾನೂ ಹೋಗಿ ಅವರ ಹಿತ್ತಿಲಲ್ಲಿ ನಿಲ್ಲುದಾ?"

"ಪಾಪ, ಆ ಹೆಂಗಸಿಗೆ ಹೆದ್ರಿಕೆ ಮಾರಾಯ್ತಿ."

"ಹೆದರಿಕೆ ಎಲ್ಲರಿಗೂ ಉಂಟು. ನಂಗಿಲ್ವಾ? ಹಾಗಂತ ಕೆಲಸ ಬಿಡುದಾ?"

ತಿಮ್ಮಪ್ಪ ಕೈತೊಳೆಯಲು ಎದ್ದ. ಮಾತು ಬೆಳೆಸುವುದು ಅವನ ಜಾಯಮಾನವಲ್ಲ.

ಮಳೆಗಾಲದ ಶುರುವಿಗೆ ಮಹಾನಗರಪಾಲಿಕೆಯಿಂದ ಪದ್ಮಾವತಿಗೆ ನೋಟೀಸು ಬಂತು. ವಾಸದ ಮನೆಯಲ್ಲಿ ವಾಣಿಜ್ಯ ಚಟುವಟಿಕೆ ನಡೆಯುತ್ತಿದೆ ಎಂದು ದೂರು ಬಂದಿದೆ, ಬಂದು ಉತ್ತರ ಹೇಳಬೇಕು ಎಂದಿತ್ತು. ದೂರು ಕೊಟ್ಟವರು ಸರಯೂಬೇನ್. ಸೊಸೈಟಿಯ ಸೆಕ್ರೆಟರಿ ಪಾರಿಖ್‌ಭಾಯ್ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. "ನಾನು ಬೇಡ ಅಂದೆ ಬೇನ್. ಅವರು ಕೇಳಲಿಲ್ಲ. ಈಗ ಕಟ್ಟಡಗಳ ವಿಷಯದಲ್ಲಿ ಪಾಲಿಕೆಯವರೂ ಬಹಳ ಬಿಗಿ."

ಪದ್ಮಾವತಿ ನೋಟೀಸನ್ನು ಮತ್ತೆ ಮತ್ತೆ ತಿರುವಿ ನೋಡಿದಳು. ಮಾರು ಎಂದವರೇ ಇವರು. ದುಡ್ಡು ಕೈಯಲ್ಲಿಟ್ಟವರೇ ಇವರು. ಒಂದೇ ಹಾಸಿಗೆಯಲ್ಲಿ ಮಲಗಿದವರು ಈಗ ಸರ್ಕಾರಕ್ಕೆ ಅರ್ಜಿ ಕೊಟ್ಟರಲ್ಲ ಎಂದು ಇಡೀ ದಿನ ಕುದಿದಳು. ತಾನು 'ಬರುತ್ತೇನೆ', 'ನೋಡುವ' ಎಂದು ಮೂರು ಸಲ ಮಾತು ತಳ್ಳಿದ್ದು ಆಗ ಅವಳ ನೆನಪಿಗೆ ಬರಲೇ ಇಲ್ಲ.

ಹಿಂದಿನ ಗಲ್ಲಿಯ ಫ್ಲ್ಯಾಟಿನಲ್ಲಿ ಭರತೇಶ್ ಎಂಬ ಹುಡುಗನಿದ್ದ. ಧಾರವಾಡದ ಕಡೆಯವನು, ಕಟ್ಟಡದ ನಕ್ಷೆ ಮಾಡುವ ಖಾಸಗಿ ಕಂಪನಿಯಲ್ಲಿ ಎಂಜಿನಿಯರ್. ವಾರಕ್ಕೆರಡು ಸಲ ಹಿಟ್ಟಿಗೆ ಬರುತ್ತಿದ್ದ, ಕನ್ನಡ ಮಾತಾಡುವ ಆಸೆಗೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಪದ್ಮಾವತಿ ನೋಟೀಸನ್ನು ಅವನ ಕೈಗಿತ್ತಳು. ಅವನು ತನ್ನ ಆಫೀಸಿನಲ್ಲಿದ್ದ ನಿಯಮಗಳ ಪುಸ್ತಕ ತಿರುವಿ, ಎರಡು ದಿನ ಬಿಟ್ಟು ಬಂದ.

"ಅಕ್ಕಾರ, ಅಂಜೂದು ಏನೂ ಇಲ್ಲ. ವಸತಿ ಜಾಗಾದಾಗ ಅಂಗಡಿ, ಫ್ಯಾಕ್ಟರಿ ಹಾಕೂ ಹಂಗಿಲ್ಲ, ಖರೆ. ಆದ್ರ ಮನಿ ಮಂದಿನ ಕೂಡಿ ಮಾಡೂ ಸಣ್ಣ ಉದ್ಯೋಗಕ್ಕ ಅವಕಾಶ ಅದ."

"ಅಂದ್ರೆ ನಂದು ತಪ್ಪಲ್ಲ?"

"ಕರಾರು ಅವ ರೀ. ಹೊರಗಿನ ಆಳು ಇರಬಾರ್ದು. ಬೋರ್ಡ್ ಹಚ್ಚಬಾರ್ದು. ಮನಿಯೊಳಗ ಸಣ್ಣ ಭಾಗದಾಗ ಅಷ್ಟ ನಡೀಬೇಕು. ಮೋಟಾರಿಗೆ ಇಂತಿಷ್ಟ ಶಕ್ತಿ ಅಂತದ, ಅದನ್ನ ಮೀರಬಾರ್ದು. ಮತ್ತ ಕಡೀದು ಒಂದು, ಅಕ್ಕಪಕ್ಕದವರಿಗೆ ಸಪ್ಪಳ, ನಡುಕ ಅಂತ ತ್ರಾಸ ಆಗಬಾರ್ದು."

"ಮೋಟಾರು ಸರಿ ಉಂಟಾ?"

ಭರತೇಶ್ ಹಿಂದಿನ ಕೋಣೆಗೆ ಹೋಗಿ ಗ್ರೈಂಡರುಗಳ ತಗಡಿನ ಮೇಲೆ ಬರೆದದ್ದನ್ನು ಓದಿ ಬಂದ. "ಒಂದಾದ್ರ ಸರಿ ಅದ. ಎರಡೂ ಕೂಡಿದ್ರ ಮೀರತದ. ಒಂದನ್ನ ತಗದುಬಿಡ್ರಿ ಅಕ್ಕಾರ. ಕೆಲಸ ಸ್ವಲ್ಪ ತಡ ಆಗಬಹುದು, ಆದ್ರ ಯಾರೂ ನಿಮ್ಮನ್ನ ಏನೂ ಕೇಳೂ ಹಂಗಿಲ್ಲ."

ಪದ್ಮಾವತಿ ತಲೆಯಾಡಿಸಿದಳು. ಆದರೆ ತೆಗೆಯಲಿಲ್ಲ.

ಪಾಲಿಕೆಯ ಕಚೇರಿಯಲ್ಲಿ ವಿಚಾರಣೆಗೆ ಭರತೇಶನೂ ಜೊತೆಗೆ ಬಂದ. ಸರಯೂಬೇನ್ ಬಿಳಿ ಸೀರೆಯುಟ್ಟು ಬೆಂಚಿನ ತುದಿಯಲ್ಲಿ ಒಬ್ಬರೇ ಕೂತಿದ್ದರು. ಪದ್ಮಾವತಿ ಅವರತ್ತ ನೋಡದೆ ಇನ್ನೊಂದು ತುದಿಯಲ್ಲಿ ಕೂತಳು. ವಿಚಾರಣೆ ನಡೆಸುವ ಸಾಹೇಬರು ವಯಸ್ಸಾದವರು, ಸಮಾಧಾನಿ. ಭರತೇಶ್ ನಿಯಮ ಓದಿ ಹೇಳಿದ್ದನ್ನು ಕೇಳಿ, "ಹಾಗಾದರೆ ಉಳಿದದ್ದು ಕಂಪನದ ಪ್ರಶ್ನೆ. ನಾನೇ ಬಂದು ನೋಡುತ್ತೇನೆ" ಎಂದು ದಿನ ಗೊತ್ತು ಮಾಡಿದರು.

ಆ ದಿನ ಬೆಳಿಗ್ಗೆ ಪದ್ಮಾವತಿ ಒಂದು ಗ್ರೈಂಡರಿನ ವೈರು ಕಿತ್ತು ಸುತ್ತಿಟ್ಟಳು. ಅದರ ಮೇಲೆ ಹಳೆಯ ಬೆಡ್‌ಶೀಟ್ ಹೊದೆಸಿ, ಖಾಲಿ ಡಬ್ಬಗಳನ್ನು ಪೇರಿಸಿದಳು. ಇನ್ನೊಂದಕ್ಕೆ ಅರ್ಧ ಅಳತೆ ಅಕ್ಕಿ ಹಾಕಿದಳು. ಪ್ರಾರ್ಥನಾ ಕಾಲೇಜಿಗೆ ಹೊರಡುವ ಬದಲು ಬಾಗಿಲ ಚೌಕಟ್ಟಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು.

ಸಾಹೇಬರು ಪಾರಿಖ್‌ಭಾಯ್ ಜೊತೆ ಬಂದು ಕೋಣೆಯನ್ನು ನೋಡಿದರು, ಅಳೆಯಿಸಿದರು. ಬೆಡ್‌ಶೀಟಿನ ಕಡೆ ಬೆರಳು ತೋರಿ, "ಅದು?" ಎಂದು ಕೇಳಿದರು.

"ಕೆಟ್ಟು ಕೂತಿದೆ ಸಾಹೇಬ್. ರಿಪೇರಿಗೆ ಯಾರೂ ಸಿಗುತ್ತಿಲ್ಲ" ಅಂದಳು ಪದ್ಮಾವತಿ. ಸುಳ್ಳು ನಾಲಗೆಯ ಮೇಲೆ ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಗ್ರೈಂಡರ್ ಹಾಕಿ ಎಲ್ಲರೂ ಮೇಲೆ ಹೋದರು. ಪ್ರಾರ್ಥನಾ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಭೂಕಂಪವಾದ ಮೇಲೆ ಪದ್ಮಾವತಿ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮನೆ ಗುರುತು ಸಿಗದಷ್ಟು ಬದಲಾಗಿತ್ತು. ಷೋಕೇಸಿನ ಗಾಜಿನ ಸಾಮಾನೆಲ್ಲ ನೆಲಕ್ಕಿಳಿದಿತ್ತು. ಗೋಡೆಯ ಫೋಟೋಗಳನ್ನು ತೆಗೆದು ಒಂದರ ಮೇಲೊಂದು ಮಲಗಿಸಿದ್ದರು, ಮೇಲಿನದು ತಂಗಿ ಇಂದುವಿನದು. ಹಾಸಿಗೆ ಮಂಚದ ಮೇಲಿರಲಿಲ್ಲ. ಬಾಗಿಲ ಪಕ್ಕ ನೆಲದ ಮೇಲಿತ್ತು.

ಸಾಹೇಬರು ಒಂದು ಸ್ಟೀಲ್ ಲೋಟದ ತುಂಬ ನೀರು ತರಿಸಿ ನೆಲದ ಮೇಲಿಟ್ಟರು. ಎಲ್ಲರೂ ಬಗ್ಗಿ ನೋಡಿದರು. ನೀರು ಕದಲಲಿಲ್ಲ. ಸಾಹೇಬರು ಅಂಗೈಯನ್ನು ನೆಲಕ್ಕೂ ಗೋಡೆಗೂ ಒತ್ತಿದರು.

"ನನಗೇನೂ ತಿಳಿಯುತ್ತಿಲ್ಲ ಬೇನ್. ನಿಮಗೆ ಈಗ ಅದುರಿದ ಹಾಗಾಗುತ್ತಿದೆಯೇ?"

ಸರಯೂಬೇನ್ ತಲೆ ತಗ್ಗಿಸಿ ಕೆಳಗಿನ ಸದ್ದಿಗೆ ಕಿವಿಗೊಟ್ಟವರಂತೆ ನಿಂತಿದ್ದರು. ಪದ್ಮಾವತಿಯನ್ನು ಒಮ್ಮೆ ನೋಡಿದರು, ಬಾಗಿಲಲ್ಲಿದ್ದ ಪ್ರಾರ್ಥನಾಳನ್ನು ಒಮ್ಮೆ ನೋಡಿದರು. "ಬೇರೆ ದಿನ ಹೆಚ್ಚಿರುತ್ತದೆ" ಎಂದು ಮೆಲ್ಲಗೆ ಅಂದರು.

ಅಷ್ಟಕ್ಕೇ ಪದ್ಮಾವತಿ ಸುಮ್ಮನಿದ್ದರೆ ಆಗುತ್ತಿತ್ತು. ಗೆಲುವು ಹತ್ತಿರ ಬಂದದ್ದು ಅವಳಿಗೆ ಕಾಣುತ್ತಿತ್ತು. ತಿಂಗಳುಗಳಿಂದ ಕಟ್ಟಿಕೊಂಡ ಸಿಟ್ಟು ಒಮ್ಮೆಲೇ ಬಾಯಿಗೆ ಬಂತು.

"ಸಾಹೇಬ್, ಇವರ ತಂಗಿ ಹೋದ ಮೇಲೆ ಇವರಿಗೆ ಹೀಗೆ. ನಡುಕ ನನ್ನ ಮನೆಯಲ್ಲಿಲ್ಲ, ಇವರ ತಲೆಯಲ್ಲಿದೆ. ಅದಕ್ಕೆ ನಾನೇನು ಮಾಡಲಿ?"

ಪಾರಿಖ್‌ಭಾಯ್ ಕಿಟಕಿಯ ಕಡೆ ಮುಖ ತಿರುಗಿಸಿದರು. ಸರಯೂಬೇನ್ ಬಗ್ಗಿ ನೀರಿನ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು. ಎಲ್ಲರೂ ಇಳಿದು ಹೋಗುವವರೆಗೂ ಹೊರಗೆ ಬರಲಿಲ್ಲ.

ಆದೇಶ ಪದ್ಮಾವತಿಯ ಪರವಾಗಿ ಬಂತು. ಮನೆಯವರೇ ನಡೆಸುವ ಸಣ್ಣ ಉದ್ಯೋಗ, ಒಂದು ಮೋಟಾರು, ನೆರೆಯವರಿಗೆ ಬಾಧೆ ಕಂಡುಬಂದಿಲ್ಲ, ಮುಂದುವರಿಸಬಹುದು. ಅವಳು ಭರತೇಶನನ್ನು ಊಟಕ್ಕೆ ಕರೆದು ಹೋಳಿಗೆ ಬಡಿಸಿದಳು. ಪ್ರಾರ್ಥನಾ ತಲೆನೋವೆಂದು ಹೇಳಿ ತಟ್ಟೆಗೆ ಕೂರಲಿಲ್ಲ.

ಮೊದಲ ವಾರ ಒಂದೇ ಗ್ರೈಂಡರ್ ತಿರುಗಿತು. ಕೆಲಸ ಮುಗಿಯುತ್ತಿರಲಿಲ್ಲ. ಆಮೇಲೊಂದು ದಿನ ಪದ್ಮಾವತಿ ಬೆಡ್‌ಶೀಟ್ ತೆಗೆದು ಇನ್ನೊಂದಕ್ಕೂ ವೈರು ಕೊಟ್ಟಳು. ಹಾಕಿದ ಕೂಡಲೇ ಮೇಲಿನಿಂದ ಏನಾದರೂ ಸದ್ದು ಬರುತ್ತದೋ ಎಂದು ಕಿವಿ ನೆಟ್ಟು ಕೂತಳು. ಯಾವ ಸದ್ದೂ ಬರಲಿಲ್ಲ. ಮರುದಿನವೂ ಇಲ್ಲ. ಸರಯೂಬೇನ್ ದೂರುವುದನ್ನು ಪೂರ್ತಿ ಬಿಟ್ಟುಬಿಟ್ಟಿದ್ದರು. ಮೆಟ್ಟಿಲ ಬಳಿ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಒಂದು ಸಲ ಪದ್ಮಾವತಿ, "ಹುಷಾರಿದ್ದೀರಾ ಬೇನ್?" ಅಂದದ್ದಕ್ಕೆ, "ಹೌದು, ನೀವು?" ಅಂದರು. ಇಷ್ಟು ವರ್ಷ ತನ್ನನ್ನು 'ತು' ಎಂದು ಏಕವಚನದಲ್ಲಿ ಕರೆದವರು ಈಗ 'ತಮೆ' ಅಂದದ್ದು ಪದ್ಮಾವತಿಯನ್ನು ದಿನವಿಡೀ ಚುಚ್ಚಿತು.

ದೀಪಾವಳಿಗೆ ಮೊದಲು ಒಂದು ಬೆಳಿಗ್ಗೆ ಅಂಗಳದಲ್ಲಿ ಟೆಂಪೋ ನಿಂತಿತ್ತು. ವಡೋದರೆಯಿಂದ ಮಗ ಬಂದಿದ್ದ. ಮನೆ ಮಾರಾಟವಾಗಿದೆ ಎನ್ನುವುದು ಪದ್ಮಾವತಿಗೆ ಆಗಲೇ ಗೊತ್ತಾದದ್ದು. ಪ್ರಾರ್ಥನಾಳಿಗೆ ಮೊದಲೇ ತಿಳಿದಿತ್ತು. ಅವಳು ಮೇಲೆ ಹೋಗಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿಕೊಡುತ್ತಿದ್ದಳು. ಪದ್ಮಾವತಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಸರಯೂಬೇನ್ ಸೊಸೈಟಿಯ ಎಲ್ಲರಿಗೂ ಕೈಮುಗಿದರು, ಅವಳಿಗೂ ಮುಗಿದರು. ಅವಳೊಬ್ಬಳಿಗೆಂದು ಬೇರೆಯಾಗಿ ಏನೂ ಇರಲಿಲ್ಲ.

ಮರುವರ್ಷ ಊರಿನ ಗಲಭೆ, ಕರ್ಫ್ಯೂಗಳಲ್ಲಿ ವ್ಯಾಪಾರ ತಿಂಗಳುಗಟ್ಟಲೆ ಮಲಗಿತು. ಮತ್ತೆ ಎದ್ದಾಗ ಮೊದಲಿಗಿಂತ ಜೋರಾಗಿ ಎದ್ದಿತು. ಮನೆಯಲ್ಲಿ ಜಾಗ ಸಾಲದಾಯಿತು. ಒಂದು ಸಂಜೆ ಪದ್ಮಾವತಿ ತಾನಾಗಿಯೇ ತಿಮ್ಮಪ್ಪನನ್ನು ಕೇಳಿದಳು, "ಹೋಟೆಲಿನ ಹಿಂದಿನ ಶೆಡ್ ಇನ್ನೂ ಖಾಲಿ ಉಂಟಾ?"

"ಉಂಟು" ಅಂದ ತಿಮ್ಮಪ್ಪ.

ಧಣಿಗಳು ಸಂತೋಷದಿಂದಲೇ ಕೊಟ್ಟರು. ಎರಡು ಗ್ರೈಂಡರುಗಳನ್ನು ಕೈಗಾಡಿಯಲ್ಲಿ ಹೇರಿ ಸಾಗಿಸಲು ಅರ್ಧ ದಿನವೂ ಹಿಡಿಯಲಿಲ್ಲ. ಖಾಲಿಯಾದ ಹಿಂದಿನ ಕೋಣೆಯಲ್ಲಿ ಕಸ ಗುಡಿಸುತ್ತ ಪದ್ಮಾವತಿ ನಡುವೆಯೇ ನೆಲದ ಮೇಲೆ ಕೂತುಬಿಟ್ಟಳು. ಇಷ್ಟೇ ಆಗಿದ್ದರೆ, ಇಷ್ಟು ಸುಲಭವಾಗಿದ್ದರೆ, ಆವತ್ತೇ ಯಾಕೆ ಮಾಡಲಿಲ್ಲ ಎಂದು ತನ್ನನ್ನೇ ಕೇಳಿಕೊಂಡಳು. ತಿಮ್ಮಪ್ಪ ಬಂದು ನೋಡಿದ, ಏನೂ ಕೇಳದೆ ಪೊರಕೆ ತೆಗೆದುಕೊಂಡು ಉಳಿದದ್ದನ್ನು ತಾನೇ ಗುಡಿಸಿದ. ನಾನು ಹೇಳಿರಲಿಲ್ಲವಾ ಎಂದು ಅವನು ಒಂದು ಮಾತು ಅಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಪ್ರಾರ್ಥನಾ ಅಷ್ಟರಲ್ಲಿ ವಡೋದರೆಯ ಯೂನಿವರ್ಸಿಟಿ ಸೇರಿ ಹಾಸ್ಟೆಲಿನಲ್ಲಿದ್ದಳು. ಭಾನುವಾರಗಳಲ್ಲಿ ಅವಳು ಸರಯೂಬೇನ್ ಅವರಲ್ಲಿಗೆ ಹೋಗುತ್ತಾಳೆಂದು ಪದ್ಮಾವತಿಗೆ ಗೊತ್ತಿತ್ತು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಮಗಳನ್ನು ನೋಡಲು ಹೋದ ಪದ್ಮಾವತಿ, ಹಾಸ್ಟೆಲಿನ ಗೇಟಿನಲ್ಲಿ ನಿಂತೇ ಕೇಳಿದಳು, "ನನ್ನನ್ನೂ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?"

ಪ್ರಾರ್ಥನಾ ಅಮ್ಮನ ಮುಖ ನೋಡಿದಳು. "ಬಾ ಹತ್ರ? ಫೋನ್ ಮಾಡಿ ಕೇಳ್ತೇನೆ" ಅಂದಳು.

ಬರಲಿ ಎಂದು ಉತ್ತರ ಬಂತು. ಮಗನದು ಸಾಲುಮನೆ, ಮೇಲೆ ಮಹಡಿಯಿಲ್ಲ, ಮುಂದೆ ತುಳಸಿಯ ಕುಂಡ. ಸರಯೂಬೇನ್ ಬಡಕಲಾಗಿದ್ದರು, ಪಕ್ಕದ ಸ್ಟೂಲಿನ ಮೇಲೆ ಔಷಧಿಯ ಶೀಷೆಗಳಿದ್ದವು. ಜೋಕಾಲಿಯ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವರು ಎದ್ದು ನಿಂತು, "ಬನ್ನಿ ಪದ್ಮಾಬೇನ್. ಕೂತುಕೊಳ್ಳಿ" ಅಂದರು. ಸೊಸೆ ನೀರು ತಂದುಕೊಟ್ಟಳು. ತಿಮ್ಮಪ್ಪಭಾಯ್ ಹೇಗಿದ್ದಾರೆ, ಪಾರಿಖ್‌ಭಾಯ್ ಅವರ ಮಂಡಿನೋವು ಹೇಗಿದೆ ಎಂದೆಲ್ಲ ವಿಚಾರಿಸಿಕೊಂಡರು. ಪ್ರಾರ್ಥನಾ ಸ್ವಂತ ಮನೆಯವಳಂತೆ ಅಡುಗೆಮನೆಗೆ ಹೋಗಿ ಸೊಸೆಯ ಜೊತೆ ಚಹಾಕ್ಕೆ ಶುಂಠಿ ಜಜ್ಜತೊಡಗಿದಳು.

ಇಬ್ಬರೇ ಉಳಿದಾಗ ಪದ್ಮಾವತಿ ಸೆರಗಿನ ತುದಿ ಹಿಡಿದುಕೊಂಡು, "ಬೇನ್, ಆ ದಿನ ನಾನು ಇನ್ನೊಂದು ಗ್ರೈಂಡರನ್ನು ಮುಚ್ಚಿಟ್ಟಿದ್ದೆ. ಅದು ಕೆಟ್ಟಿರಲಿಲ್ಲ" ಅಂದಳು.

ಸರಯೂಬೇನ್ ಕೈ ಸೊಪ್ಪಿನಲ್ಲೇ ಇತ್ತು. "ಗೊತ್ತು."

"ಗೊತ್ತಿತ್ತಾ?"

"ನಾಲ್ಕು ವರ್ಷ ನಿಮ್ಮ ಯಂತ್ರದ ಸದ್ದಿನ ಮೇಲೆ ಮಧ್ಯಾಹ್ನದ ನಿದ್ದೆ ಮಾಡಿದವಳು ನಾನು. ಒಂದು ತಿರುಗಿದರೆ ಹೇಗೆ, ಎರಡು ತಿರುಗಿದರೆ ಹೇಗೆ, ನನಗೆ ತಿಳಿಯುವುದಿಲ್ಲವೇ?"

"ಮತ್ತೆ ಸಾಹೇಬರಿಗೆ ಯಾಕೆ ಹೇಳಲಿಲ್ಲ?"

"ಪ್ರಾರ್ಥನಾ ಬಾಗಿಲಲ್ಲಿದ್ದಳು" ಅಂದರು ಸರಯೂಬೇನ್. ಬಿಡಿಸಿದ ಸೊಪ್ಪನ್ನು ಬದಿಗೆ ಸರಿಸಿದರು. "ಅವಳ ಮುಂದೆ ನಿಮ್ಮನ್ನು ಸುಳ್ಳುಗಾರ್ತಿ ಮಾಡಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಹೇಳಿದ್ದರೂ ನೀರು ಅಲುಗುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು. ನೀವು ಅಂದದ್ದೇ ಸರಿಯಿರಬಹುದು. ಇಲ್ಲಿಯೂ ಒಮ್ಮೊಮ್ಮೆ ನನಗೆ ಮಂಚ ಅದುರಿದ ಹಾಗಾಗುತ್ತದೆ. ಇಲ್ಲಿ ಕೆಳಗೆ ಯಾರೂ ಇಲ್ಲ."

ಪದ್ಮಾವತಿ ಜೋಕಾಲಿಯ ಹತ್ತಿರಕ್ಕೆ ಸರಿದಳು. "ನಾನು ಹಾಗೆ ಅನ್ನಬಾರದಿತ್ತು ಬೇನ್. ಎಲ್ಲರ ಎದುರಿಗೆ, ಇಂದುಬೇನ್ ಹೆಸರು ಹಿಡಿದು..."

"ಅನ್ನಬಾರದಿತ್ತು" ಎಂದು ಸರಯೂಬೇನ್ ಒಪ್ಪಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಮನೆ ಬಿಡಬೇಕೆಂದು ನನಗಿರಲಿಲ್ಲ ಪದ್ಮಾಬೇನ್. ಗಂಡನ ಜೊತೆ ಬಂದು ಸೇರಿದ ಮನೆ. ಭಯಕ್ಕಾಗಿ ಬಿಟ್ಟೆ ಎಂದು ಮಗ ತಿಳಿದಿದ್ದಾನೆ. ಭಯದ ಜೊತೆ ಹೇಗೋ ಇದ್ದುಬಿಡುತ್ತಿದ್ದೆ."

ಗ್ರೈಂಡರುಗಳನ್ನು ಈಗ ಹೋಟೆಲಿನ ಶೆಡ್ಡಿಗೆ ಸಾಗಿಸಿದ್ದೇನೆ ಎಂದು ಹೇಳಬೇಕೆಂದು ಪದ್ಮಾವತಿ ಬಂದಿದ್ದಳು. ಈಗ ಅದನ್ನು ಹೇಳುವುದು ಗಾಯಕ್ಕೆ ಉಪ್ಪು ಹಚ್ಚಿದಂತೆ ಎನ್ನಿಸಿ ನುಂಗಿಕೊಂಡಳು. ಚಹಾ ಬಂತು. ನಾಲ್ವರೂ ಕುಡಿದರು. ಸೊಸೆ ಅಲ್ಲಿಯ ಅಂಗಡಿಯಲ್ಲಿ ಸಿಗುವ ಖೀರು ಹುಳಿ ಜಾಸ್ತಿ, ಬಾ ಮುಟ್ಟುವುದಿಲ್ಲ ಎಂದು ಮಾತಿಗೆ ಹೇಳಿದಳು. ಕಳಿಸಿಕೊಡುತ್ತೇನೆ ಎನ್ನುವ ಮಾತು ಪದ್ಮಾವತಿಯ ಬಾಯಿಯವರೆಗೆ ಬಂದು ನಿಂತಿತು. ಸರಯೂಬೇನ್, "ಈಗ ನನಗೆ ದೋಸೆ ಅರಗುವುದೂ ಇಲ್ಲ" ಎಂದು ಆ ಮಾತನ್ನು ಅಲ್ಲಿಗೆ ಮುಗಿಸಿದರು.

ಹೊರಡುವಾಗ ಗೇಟಿನವರೆಗೆ ಬಂದರು. ಪ್ರಾರ್ಥನಾಳ ತಲೆ ನೇವರಿಸಿ, ಭಾನುವಾರ ಬಾ, ತಿನ್ನಲು ಹಾಂಡ್ವೋ ಮಾಡುತ್ತೇನೆ ಅಂದರು. ಪದ್ಮಾವತಿಗೆ, "ಬಂದದ್ದು ಒಳ್ಳೆಯದಾಯಿತು" ಅಂದರು. ಮತ್ತೆ ಬನ್ನಿ ಎನ್ನಲಿಲ್ಲ.

ಸ್ಟೇಷನ್ನಿನಲ್ಲಿ ಅಹಮದಾಬಾದಿನ ರೈಲಿಗೆ ಇನ್ನೂ ಹೊತ್ತಿತ್ತು. ತಾಯಿ ಮಗಳು ಬೆಂಚಿನ ಮೇಲೆ ಕೂತರು. ಪ್ಲಾಟ್‌ಫಾರ್ಮಿನಲ್ಲಿ ಕಡಲೆಕಾಯಿ ಮಾರುವವನು ಅತ್ತಿಂದಿತ್ತ ಓಡಾಡುತ್ತಿದ್ದ.

"ಅವರಿಗೆ ಎಲ್ಲ ಗೊತ್ತಿತ್ತು ಅಂತ ನಿಂಗೆ ಗೊತ್ತಿತ್ತಾ?" ಎಂದು ಪದ್ಮಾವತಿ ಕೇಳಿದಳು.

"ಹಾಂ. ಅವತ್ತೇ. ಬಾ ನನ್ನನ್ನ ನೋಡಿದ್ರಲ್ಲ, ಆಗ್ಲೇ ಗೊತ್ತಾಯ್ತು."

"ನಂಗೆ ಹೇಳ್ಬಹುದಿತ್ತಲ್ಲ ಮಗಾ."

ಪ್ರಾರ್ಥನಾ ಕನ್ನಡದಲ್ಲಿ ಪದ ಹುಡುಕಿದಳು, ಸಿಗದೆ ಗುಜರಾತಿಗೆ ಹೊರಳಿದಳು. "ನೀನು ಆಗ ಗೆದ್ದ ಖುಷಿಯಲ್ಲಿದ್ದೆ ಅಮ್ಮ. ನಾನು ಹೇಳಿದ್ದರೆ ಕೇಳುತ್ತಿದ್ದೆಯಾ?"

ಕೇಳುತ್ತಿರಲಿಲ್ಲ ಎಂದು ಪದ್ಮಾವತಿಗೆ ಗೊತ್ತಿತ್ತು. ಅವಳು ಮಗಳ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಪ್ರಾರ್ಥನಾ ಕೈ ಎಳೆದುಕೊಳ್ಳಲಿಲ್ಲ. ರೈಲು ಬರುವ ಸೂಚನೆ ಮೊಳಗಿತು. ಜನ ಸಾಮಾನು ಎತ್ತಿಕೊಂಡು ಎದ್ದರು. ಪದ್ಮಾವತಿಯೂ ಎದ್ದಳು.

"ಭಾನುವಾರ ಹೋದಾಗ ಅವರ ಔಷಧಿ ಸರಿಯಾಗಿ ತಗೊಳ್ತಾರಾ ನೋಡು" ಅಂದಳು. "ನಾನು ಹೇಳಿದೆ ಅಂತ ಹೇಳ್ಬೇಡ."

ಆಯ್ತು ಎಂದು ಪ್ರಾರ್ಥನಾ ಚೀಲವನ್ನು ಅಮ್ಮನ ಹೆಗಲಿಗೆ ಏರಿಸಿಕೊಟ್ಟಳು.